ಹೊಸ ಬಾಡಿ, ಹಳೆಯ ಕೈ: ಕ್ಯಾಮೆರಾ ಬದಲಿಸಿದವರ ತಪ್ಪು ಕಲ್ಪನೆಗಳು

ಕ್ಯಾಮೆರಾ ಬದಲಿಸಿದ ಮೊದಲ ಕೆಲವು ವಾರಗಳಲ್ಲಿ ಹೆಚ್ಚಿನವರ ಬಾಯಲ್ಲಿ ಬರುವ ಮಾತು ಒಂದೇ: "ದುಡ್ಡು ದಂಡ ಆಯ್ತು ಸಾರ್, ಹಳೇದೇ ಚೆನ್ನಾಗಿತ್ತು." ಚಾಮರಾಜನಗರದಲ್ಲಿ ಮದುವೆ ತೆಗೆಯುವವರೂ ಹೇಳುತ್ತಾರೆ, ಗುಂಡ್ಲುಪೇಟೆ ದಾಟಿ ಬಂಡೀಪುರದ ಸಫಾರಿಗೆ ಹೋಗಿ ಬಂದವರೂ ಹೇಳುತ್ತಾರೆ. ನಿಕಾನ್ ಮತ್ತು ಕ್ಯಾನನ್ ಎರಡೂ 2018ರಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ತಂದ ಮೇಲೆ ಡಿಎಸ್‌ಎಲ್‌ಆರ್ ಬಿಟ್ಟು ಆ ಕಡೆ ಹೊರಳಿದವರು ಬಹಳ. ಅವರ ಬೇಸರ ನಿಜವಾದದ್ದು. ಆದರೆ ನಾನು ನೋಡಿದಂತೆ ದೋಷ ಹೊಸ ಕ್ಯಾಮೆರಾದಲ್ಲಿ ಇರುವುದು ಅಪರೂಪ, ತೆಗೆಯುವವರ ಕೈಚಳಕದಲ್ಲಿ ಇರುವುದು ಇನ್ನೂ ಅಪರೂಪ. ಹಳೆಯ ಬಾಡಿಗೆ ಹೊಂದಿಕೊಂಡಿದ್ದ ಅಭ್ಯಾಸಗಳನ್ನು ಹಾಗೇ ಹೊಸದಕ್ಕೆ ಹೊರಿಸುವುದರಿಂದಲೇ ಮುಕ್ಕಾಲು ಪಾಲು ತೊಂದರೆ.

"ಬಾಡಿ ಬರೀ ಡಬ್ಬ, ಲೆನ್ಸೇ ಎಲ್ಲ"

ಈ ಮಾತಿಗೆ ಒಂದು ಕಾಲದಲ್ಲಿ ಆಧಾರ ಇತ್ತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ನಮ್ಮ ಕಾಡುಗಳನ್ನು ಫಿಲ್ಮಿನಲ್ಲಿ ಹಿಡಿಯುತ್ತಿದ್ದ ದಿನಗಳಲ್ಲಿ ಬಣ್ಣ, ಗ್ರೇನ್, ಬೆಳಕಿನ ಸೂಕ್ಷ್ಮತೆ ಎಲ್ಲವೂ ಫಿಲ್ಮಿನ ಗುಣ. ಬಾಡಿ ಬದಲಿಸಿದರೂ ಒಳಗೆ ಅದೇ ರೋಲು ಹಾಕಿದರೆ ಚಿತ್ರ ಅದೇ. ಇವತ್ತು ಫಿಲ್ಮು, ಡಾರ್ಕ್‌ರೂಮು, ಫೋಕಸ್ ಹಿಡಿಯುವ ಬುದ್ಧಿ ಮೂರೂ ಬಾಡಿಯೊಳಗೇ ಕೂತಿವೆ. ಬಾಡಿ ಬದಲಾದರೆ ಈ ಮೂರೂ ಒಟ್ಟಿಗೆ ಬದಲಾಗುತ್ತವೆ. ಲೆನ್ಸ್ ಮುಖ್ಯ ಎನ್ನುವುದು ಈಗಲೂ ಸತ್ಯ. ಲೆನ್ಸ್ ಹಳೆಯದೇ ಇದೆ, ಹಾಗಾಗಿ ಏನೂ ಕಲಿಯಬೇಕಾಗಿಲ್ಲ ಎನ್ನುವುದು ಸುಳ್ಳು.

ಇದರ ಜೊತೆಗೇ ಬರುವ ಇನ್ನೊಂದು ಭಯ: ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸಿನ ಶಾರ್ಪ್‌ನೆಸ್ ಹೋಗುತ್ತದೆ. ಕಂಪನಿಯ ಅಡಾಪ್ಟರ್ ಒಳಗೆ ಗಾಜೇ ಇಲ್ಲ, ಅದು ಟೊಳ್ಳು ಕೊಳವೆ. ನಿಕಾನ್‌ನ ಹಳೆಯ ಎಫ್ ಮೌಂಟಿನಿಂದ ಸೆನ್ಸರ್‌ಗೆ 46.5 ಮಿಲಿಮೀಟರ್ ದೂರ, ಹೊಸ ಝಡ್ ಮೌಂಟಿನಿಂದ 16 ಮಾತ್ರ. ಉಳಿದ 30.5 ಮಿಲಿಮೀಟರ್ ಜಾಗ ತುಂಬುವುದಷ್ಟೇ ಆ ಕೊಳವೆಯ ಕೆಲಸ, ಜೊತೆಗೆ ವಿದ್ಯುತ್ ಸಂಪರ್ಕ. ನಿಜವಾದ ತೊಂದರೆ ಬೇರೆ ಕಡೆ ಇದೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಫೋಕಸ್ ಮೋಟಾರ್ ಇಲ್ಲ. ಸ್ಟುಡಿಯೋಗಳಲ್ಲಿ ತುಂಬಾ ಕಾಣುವ 50 ಎಂಎಂ 1.8 'ಡಿ' ಲೆನ್ಸ್, ಹಳೆಯ 80-200 'ಡಿ' ಇವೆಲ್ಲ ಅದರ ಮೇಲೆ ಕೈಯಿಂದಲೇ ಫೋಕಸ್ ಆಗಬೇಕು. ಬಾಡಿ ಕೊಂಡು ತಂದ ಮೇಲೆ ಇದು ತಿಳಿದರೆ ಮುಹೂರ್ತದ ಹೊತ್ತಿಗೆ ಕಷ್ಟವಾಗುತ್ತದೆ.

"ಫುಲ್ ಫ್ರೇಮ್ ತಗೊಂಡ್ರೆ ಜೂಮ್ ಕಮ್ಮಿ ಆಗುತ್ತೆ"

ಕಾಡಿನ ಚಿತ್ರ ತೆಗೆಯುವವರಿಗೆ ಇದೇ ದೊಡ್ಡ ಗೊಂದಲ, ಆದ್ದರಿಂದ ಸ್ವಲ್ಪ ನಿಂತು ನೋಡೋಣ.

500 ಎಂಎಂ ಲೆನ್ಸ್ ಯಾವ ಬಾಡಿಯ ಮೇಲೂ 500 ಎಂಎಂ ಲೆನ್ಸೇ. ಅದು ಸೆನ್ಸರ್ ಮೇಲೆ ಬೀಳಿಸುವ ಜಿಂಕೆಯ ಬಿಂಬದ ಗಾತ್ರ ಹಳೆಯ ಬಾಡಿಯ ಚಿಕ್ಕ ಸೆನ್ಸರಿನಲ್ಲೂ ಫುಲ್ ಫ್ರೇಮಿನಲ್ಲೂ ಒಂದೇ. ಚಿಕ್ಕ ಸೆನ್ಸರ್ ಸುತ್ತಲಿನ ಅಂಚನ್ನು ಕತ್ತರಿಸಿ ನಡುವಿನ ಭಾಗವನ್ನು ಮಾತ್ರ ಕೊಡುತ್ತಿತ್ತು, ಅದಕ್ಕೇ ಜಿಂಕೆ ಚೌಕಟ್ಟು ತುಂಬಿ ಕಾಣುತ್ತಿತ್ತು. ಫುಲ್ ಫ್ರೇಮ್ ಆ ಅಂಚನ್ನೂ ತೋರಿಸುತ್ತದೆ. ಜೂಮ್ ಎಲ್ಲೂ ಹೋಗಿಲ್ಲ.

ಹಾಗೆಂದು ನಷ್ಟವೇ ಇಲ್ಲ ಎನ್ನುವಂತಿಲ್ಲ. ನಿಕಾನ್ ಡಿ7200ರಲ್ಲಿ 24 ಮೆಗಾಪಿಕ್ಸೆಲ್ಲುಗಳು ಆ ಚಿಕ್ಕ ಸೆನ್ಸರಿನಲ್ಲೇ ಒತ್ತಾಗಿ ತುಂಬಿದ್ದವು. ಝಡ್6ರಲ್ಲಿ ಅಷ್ಟೇ ಪಿಕ್ಸೆಲ್ಲುಗಳು ಎರಡು ಪಟ್ಟಿಗೂ ಹೆಚ್ಚು ವಿಸ್ತಾರದ ಮೇಲೆ ಹರಡಿವೆ. ಹಳೆಯ ಚೌಕಟ್ಟಿನಷ್ಟು ಭಾಗವನ್ನು ಕತ್ತರಿಸಿಕೊಂಡರೆ ಕೈಗೆ ಸಿಗುವುದು ಸುಮಾರು 10 ಮೆಗಾಪಿಕ್ಸೆಲ್. ದೂರದ ಹುಲಿಯ ಮೀಸೆ, ಕಣ್ಣಿನ ಹೊಳಪು ಇಷ್ಟರಲ್ಲೇ ಬರಬೇಕು. 45 ಮೆಗಾಪಿಕ್ಸೆಲ್ಲಿನ ಝಡ್8ರಲ್ಲಾದರೆ ಅದೇ ಕತ್ತರಿಕೆಗೆ ಸುಮಾರು 19 ಉಳಿಯುತ್ತದೆ.

ನಾಯ್ಸ್ ವಿಚಾರದಲ್ಲೂ ಹೀಗೆಯೇ. "ಫುಲ್ ಫ್ರೇಮಲ್ಲಿ ನಾಯ್ಸೇ ಬರಲ್ಲ" ಎನ್ನುತ್ತಾರೆ. ದೊಡ್ಡ ಸೆನ್ಸರ್ ಒಟ್ಟಾರೆ ಹೆಚ್ಚು ಬೆಳಕು ಹಿಡಿಯುತ್ತದೆ, ಆ ಲಾಭ ಚೌಕಟ್ಟು ತುಂಬಿದಾಗ ಮಾತ್ರ. ಮೂಲೆಯಲ್ಲಿದ್ದ ಕಡವೆಯನ್ನು ಕತ್ತರಿಸಿ ದೊಡ್ಡದು ಮಾಡಿದರೆ ಆ ತುಣುಕಿನ ಮೇಲೆ ಬಿದ್ದ ಬೆಳಕಷ್ಟೇ ಲೆಕ್ಕಕ್ಕೆ ಬರುತ್ತದೆ, ಚಿಕ್ಕ ಸೆನ್ಸರಿನ ಮೇಲೂ ಅಷ್ಟೇ ಬೆಳಕು ಬೀಳುತ್ತಿತ್ತು. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಮದುವೆ, ದೇವಸ್ಥಾನ, ರಥೋತ್ಸವ ತೆಗೆಯುವವರಿಗೆ ಫುಲ್ ಫ್ರೇಮ್ ನಿಜವಾದ ಬಡ್ತಿ. ರಸ್ತೆ ಬದಿಗೇ ಬರುವ ಆನೆ, ಕಾಟಿಗಳ ಚಿತ್ರಕ್ಕೂ ಒಳ್ಳೆಯದೇ. ದೂರದ ಹಕ್ಕಿ, ದೂರದ ಚಿರತೆಯನ್ನೇ ನೆಚ್ಚಿಕೊಂಡವರು ಅದೇ ಲೆನ್ಸ್ ಇಟ್ಟುಕೊಂಡು 24 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್‌ಗೆ ಹೋಗಬಾರದಿತ್ತು. ಆ ದುಡ್ಡು ಲೆನ್ಸಿಗೆ ಹೋಗಿದ್ದರೆ ಹೆಚ್ಚು ಫಲ ಸಿಗುತ್ತಿತ್ತು.

ಹೆಚ್ಚು ಮೆಗಾಪಿಕ್ಸೆಲ್ಲಿಗೆ ಹೋದವರ ದೂರು ಇದಕ್ಕೆ ವಿರುದ್ಧ ದಿಕ್ಕಿನದು: "ಹೊಸದರಲ್ಲಿ ಎಲ್ಲಾ ಶೇಕ್." ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿದಾಗ 45 ಮೆಗಾಪಿಕ್ಸೆಲ್ಲಿನ ಚಿತ್ರ 24ರದ್ದಕ್ಕಿಂತ ಹೆಚ್ಚು ಹಿಗ್ಗಿರುತ್ತದೆ, ಅದೇ ಅಲುಗಾಟ ಈಗ ಕಣ್ಣಿಗೆ ಬೀಳುತ್ತದೆ. ಎರಡನ್ನೂ 12×18 ಅಂಗುಲಕ್ಕೆ ಪ್ರಿಂಟ್ ಹಾಕಿ ಪಕ್ಕಪಕ್ಕ ಇಡಿ, ಹೊಸದು ಹಳೆಯದಕ್ಕಿಂತ ಕೆಟ್ಟದಾಗಿರುವುದಿಲ್ಲ. ಆದರೂ ಪೂರ್ತಿ ವಿವರ ಬೇಕೆಂದರೆ 500 ಎಂಎಂಗೆ 1/500 ಸಾಕು ಎಂಬ ಹಳೆಯ ಲೆಕ್ಕ ಬಿಡಬೇಕು. ಎಂಜಿನ್ ಓಡುತ್ತಿರುವ ಸಫಾರಿ ಜೀಪಿನಲ್ಲಂತೂ 1/1000ಕ್ಕಿಂತ ಕೆಳಗೆ ಇಳಿಯುವಾಗ ಯೋಚಿಸಬೇಕು.

ಅಷ್ಟು ವೇಗ ಬೇಕೆಂದರೆ ಐಎಸ್‌ಒ ಏರಿಸಲೇಬೇಕು. ಇಲ್ಲಿ ಅಡ್ಡ ಬರುವುದು "1600 ದಾಟಬಾರದು" ಎಂಬ ನಿಯಮ. ಅದು ಹಳೆಯ ಬಾಡಿಯೊಂದು ಕಲಿಸಿದ ಪಾಠ. ಮುಂಜಾವಿನ ಕಾಡಿನ ನೆರಳಲ್ಲಿ 1600ಕ್ಕೇ ಅಂಟಿಕೊಂಡು ಕಪ್ಪಗೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಏರಿಸಿದರೆ ಅಷ್ಟೇ ನಾಯ್ಸ್, ಕೆಲವೊಮ್ಮೆ ಇನ್ನೂ ಹೆಚ್ಚು ಬರುತ್ತದೆ. 6400ರ ನಾಯ್ಸನ್ನು ಇವತ್ತಿನ ಸಾಫ್ಟ್‌ವೇರ್ ತಕ್ಕಮಟ್ಟಿಗೆ ತೆಗೆಯುತ್ತದೆ. ಅಲುಗಿದ ಹುಲಿಯ ಮುಖವನ್ನು ಇದ್ದಂತೆ ಮತ್ತೆ ತಂದುಕೊಡುವ ಉಪಾಯ ಇಲ್ಲ.

"ವ್ಯೂಫೈಂಡರಲ್ಲಿ ಕಂಡದ್ದೇ ಫೋಟೊ"

ಮಿರರ್‌ಲೆಸ್ ಕ್ಯಾಮೆರಾದ ಕಿಂಡಿಯಲ್ಲಿ ಕಾಣುವುದು ಪುಟ್ಟ ಪರದೆ. ಎಕ್ಸ್‌ಪೋಷರ್ ಹೇಗೆ ಬರುತ್ತದೆಂದು ಮೊದಲೇ ತೋರಿಸುತ್ತದೆ, ಅದು ದೊಡ್ಡ ಅನುಕೂಲ. ಆದರೆ ಆ ಪರದೆಗೂ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್ ಇದೆ, ಅಲ್ಲಿ ಕಾಣುವುದು ಕ್ಯಾಮೆರಾ ತನ್ನೊಳಗೆ ಬಣ್ಣ ಹಾಕಿದ ಜೆಪೆಗ್ ರೂಪ. ನೀವು ರಾ ತೆಗೆಯುತ್ತಿದ್ದರೂ ಅಷ್ಟೇ.

ಗುಂಡ್ಲುಪೇಟೆಯ ಚೆಂಡುಹೂವಿನ ಹೊಲದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮುಂಗಾರಿನಲ್ಲಿ ಹೆದ್ದಾರಿಯ ಎರಡೂ ಕಡೆ ಸೂರ್ಯಕಾಂತಿಯ ಹಳದಿ, ಚೆಂಡುಹೂವಿನ ಕೇಸರಿ. ಈ ಬಣ್ಣಗಳಲ್ಲಿ ಕೆಂಪಿನ ಅಂಶ ಬಹಳ, ಆದ್ದರಿಂದ ಕೆಂಪು ಚಾನೆಲ್ ಉಳಿದೆರಡಕ್ಕಿಂತ ಮೊದಲು ತುಂಬಿ ಹೋಗುತ್ತದೆ. ಒಂದೇ ಬಿಳಿ ಗುಡ್ಡದ ಹಿಸ್ಟೋಗ್ರಾಂ ಎಲ್ಲ ಸರಿ ಇದೆ ಎನ್ನುತ್ತದೆ, ಮನೆಗೆ ಬಂದು ನೋಡಿದರೆ ಹೂವಿನ ಎಸಳುಗಳ ಗೆರೆಯೆಲ್ಲ ಅಳಿಸಿ ಬಣ್ಣ ಬಳಿದ ಉಂಡೆಯಂತೆ ಕೂತಿರುತ್ತದೆ. ಹೊಸ ಬಾಡಿಯಲ್ಲಿ ಮೂರು ಬಣ್ಣಗಳ ಹಿಸ್ಟೋಗ್ರಾಂ ಹುಡುಕಿ ಹಾಕಿಕೊಳ್ಳಿ. 'ವಿವಿಡ್' ಪ್ರೊಫೈಲ್ ಇದ್ದರೆ ತೆಗೆದು 'ನ್ಯೂಟ್ರಲ್' ಇಡಿ. ಆಗ ಪರದೆಯಲ್ಲಿ ಕಾಣುವುದು ರಾ ಕಡತಕ್ಕೆ ಹತ್ತಿರವಾಗುತ್ತದೆ. "ಹೊಸ ಕ್ಯಾಮೆರಾಗೆ ಹಳದಿ ಬಣ್ಣ ಬರಲ್ಲ" ಎನ್ನುವ ದೂರು ಬಹುಪಾಲು ಅಲ್ಲಿಗೆ ನಿಲ್ಲುತ್ತದೆ.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ, 1454 ಮೀಟರ್ ಎತ್ತರದಲ್ಲಿ, ತೊಂದರೆ ಉಲ್ಟಾ. ಮಂಜು ಬೆಳ್ಳಗಿದೆ, ಮೀಟರ್ ಅದನ್ನು ಬೂದು ಮಾಡಲು ನೋಡುತ್ತದೆ. ಅಲ್ಲಿ ಒಂದು ಸ್ಟಾಪ್ ಏರಿಸುವುದು ಹಳೆಯ ಬಾಡಿಯಲ್ಲೂ ಬೇಕಿತ್ತು, ಹೊಸದರಲ್ಲೂ ಬೇಕು.

ಸ್ಟುಡಿಯೋದವರನ್ನು ನಿಜವಾಗಿ ಹೆದರಿಸುವುದು ಮತ್ತೊಂದು. ಎಫ್/8, 1/160, ಐಎಸ್‌ಒ 100 ಇಟ್ಟು ಫ್ಲ್ಯಾಶ್ ಹೊತ್ತಿಸಿ ತೆಗೆಯುವ ಅಭ್ಯಾಸ. ಹೊಸ ಕ್ಯಾಮೆರಾ ಕಣ್ಣಿಗಿಟ್ಟರೆ ಕಗ್ಗತ್ತಲು! ಕ್ಯಾಮೆರಾ ಕೆಟ್ಟಿಲ್ಲ. ಕೋಣೆಯ ಬೆಳಕಿಗೆ ಆ ಸೆಟ್ಟಿಂಗಿನಲ್ಲಿ ಚಿತ್ರ ಹೇಗೆ ಬರುತ್ತದೋ ಹಾಗೆ ತೋರಿಸುತ್ತಿದೆ, ಫ್ಲ್ಯಾಶ್ ಹೊಡೆಯಲಿದೆ ಎಂಬುದು ಅದಕ್ಕೆ ತಿಳಿದಿಲ್ಲ. ಮೆನುವಿನಲ್ಲಿ ಎಕ್ಸ್‌ಪೋಷರ್ ತೋರಿಸುವುದನ್ನು ಆಫ್ ಮಾಡಿದರೆ ಪರದೆ ಬೆಳಗುತ್ತದೆ.

"ಕಣ್ಣು ತಾನೇ ಹಿಡ್ಕೊಳುತ್ತೆ"

ಹಿಡಿಯುತ್ತದೆ, ಕಣ್ಣು ಕಂಡರೆ. ವಧುವಿನ ಮುಖದ ಮೇಲೆ ಕಣ್ಣು ಗುರುತಿಸಿ ಫೋಕಸ್ ಹಿಡಿಯುವ ಈ ತಂತ್ರ ಮಾಡುವ ಕೆಲಸ ಅದ್ಭುತ. ಬಂಡೀಪುರದಲ್ಲಿ ಎದುರಾಗುವುದು ಲಂಟಾನ ಪೊದೆ. ಪ್ರಾಣಿಗೂ ನಮಗೂ ನಡುವೆ ಹತ್ತಾರು ಕಡ್ಡಿಗಳು, ಎಲೆಗಳು. ಇಡೀ ಚೌಕಟ್ಟನ್ನು ಕ್ಯಾಮೆರಾಗೇ ಒಪ್ಪಿಸಿದರೆ ಅದು ಮುಂದಿನ ಕಡ್ಡಿಯನ್ನೇ ಹಿಡಿಯುವ ಸಂಭವ ಹೆಚ್ಚು. ನಿಕಾನ್ ತನ್ನ ಪ್ರಾಣಿ ಗುರುತಿಸುವ ವ್ಯವಸ್ಥೆಯನ್ನು ಮೊದಲು ಕಲಿಸಿದ್ದು ನಾಯಿ, ಬೆಕ್ಕುಗಳ ಮೇಲೆ. ದೊಡ್ಡ ಮುಖದಲ್ಲಿ ಪುಟ್ಟ ಕಣ್ಣಿರುವ ಆನೆಯ ಮುಂದೆ ಅದು ತಡವರಿಸಿದರೆ ಅಚ್ಚರಿಯಿಲ್ಲ. ಕಾಡಿನಲ್ಲಿ ಒಂದು ಬಟನ್ನಿಗೆ ಚಿಕ್ಕ ಫೋಕಸ್ ಬಿಂದು, ಇನ್ನೊಂದಕ್ಕೆ ಕಣ್ಣಿನ ಫೋಕಸ್ ಕೊಟ್ಟುಕೊಳ್ಳುವುದು ಒಳ್ಳೆಯ ದಾರಿ. ಪೊದೆಯೊಳಗಿದ್ದಾಗ ಮೊದಲನೆಯದು, ಬಯಲಿಗೆ ಬಂದಾಗ ಎರಡನೆಯದು.

ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ಪ್ರತಿ ಲೆನ್ಸಿಗೂ ಫೈನ್ ಟ್ಯೂನ್ ಅಂಕಿ ಬರೆದಿಟ್ಟುಕೊಂಡವರು ಅದನ್ನು ಹೊಸ ಬಾಡಿಗೆ ಹಾಕುವ ಅಗತ್ಯವಿಲ್ಲ. ಅಲ್ಲಿ ಫೋಕಸ್ ಅಳೆಯುತ್ತಿದ್ದ ಸೆನ್ಸರ್ ಬೇರೆ, ಚಿತ್ರ ಹಿಡಿಯುತ್ತಿದ್ದ ಸೆನ್ಸರ್ ಬೇರೆ, ಅದಕ್ಕೇ ಹಿಂದೆ ಮುಂದೆ ಆಗುತ್ತಿತ್ತು. ಇಲ್ಲಿ ಎರಡೂ ಒಂದೇ.

"ಸದ್ದಿಲ್ಲದ ಶಟರ್ ಇದ್ದ ಮೇಲೆ ಅದನ್ನೇ ಬಳಸೋದು"

ಜಿಂಕೆ ಬೆಚ್ಚುವುದಿಲ್ಲ, ತಾಳಿ ಕಟ್ಟುವಾಗ ಪುರೋಹಿತರಿಗೆ ಕಿರಿಕಿರಿ ಇಲ್ಲ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೆಚ್ಚಿನ ಬಾಡಿಗಳು ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತವೆ. ಓದಿ ಮುಗಿಸುವಷ್ಟರಲ್ಲಿ ಹಾರುವ ಹಕ್ಕಿಯ ರೆಕ್ಕೆ ಸರಿದಿರುತ್ತದೆ, ಚಿತ್ರದಲ್ಲಿ ಬಾಗಿದಂತೆ ಬರುತ್ತದೆ. ಛತ್ರದಲ್ಲಿ ಬೇರೆ ತಾಪತ್ರಯ. ನಮ್ಮ ಕರೆಂಟು 50 ಹರ್ಟ್ಸ್, ಅದರ ಮೇಲೆ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವೇದಿಕೆಯ ಎಲ್‌ಇಡಿ ಗೋಡೆಗಳ ಮಿನುಗು ಇನ್ನೂ ಬೇರೆ ಲೆಕ್ಕದ್ದು. ಸಾಲುಸಾಲಾಗಿ ಓದುವಾಗ ಈ ಮಿನುಗಿನಿಂದ ವಧೂವರರ ಮುಖದ ಮೇಲೆ ಅಡ್ಡ ಪಟ್ಟೆ ಬಿದ್ದರೆ ಆಲ್ಬಂನಲ್ಲಿ ಅಳಿಸಲು ಆಗದು. ಛತ್ರದಲ್ಲಿ ಮೆಕ್ಯಾನಿಕಲ್ ಶಟರ್ ಹಾಕಿ 1/100 ಅಥವಾ 1/50ರಲ್ಲಿ ಪರೀಕ್ಷಿಸಿ ನೋಡಿ. ಸೆನ್ಸರನ್ನು ಬಹಳ ವೇಗವಾಗಿ ಓದುವ ನಿಕಾನ್ ಝಡ್8, ಝಡ್9ರಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ, ಅಲ್ಲಿ ರೆಕ್ಕೆ ಬಾಗುವ ತೊಂದರೆ ಬಹುಮಟ್ಟಿಗೆ ನೀಗಿದೆ.

ಇನ್ನು ಸಣ್ಣಪುಟ್ಟವು. ಡಿ750ಕ್ಕೆ ಒಂದು ಚಾರ್ಜಿಗೆ 1230 ಚಿತ್ರ, ಝಡ್6ಕ್ಕೆ 310 ಎಂದು ಕಂಪನಿಯ ಅಂಕಿ ನೋಡಿ ಕಂಗಾಲಾಗುತ್ತಾರೆ. ಆ ಅಳತೆ ಒಂದೊಂದೇ ಚಿತ್ರ ನಿಧಾನವಾಗಿ ತೆಗೆಯುವ ಕ್ರಮದ್ದು. ಮಿರರ್‌ಲೆಸ್‌ನಲ್ಲಿ ಬ್ಯಾಟರಿ ತಿನ್ನುವುದು ಪರದೆ ಉರಿಯುವ ಹೊತ್ತು, ಸಾಲಾಗಿ ಹೊಡೆದರೆ ಇದರ ಎಷ್ಟೋ ಪಟ್ಟು ಸಿಗುತ್ತವೆ. ಆದರೆ ಕ್ಯಾಮೆರಾ ಆನ್ ಇಟ್ಟು ಕಾಯುತ್ತ ಕೂರುವ ಹಳೆಯ ಅಭ್ಯಾಸ ಬಿಡಬೇಕು, ಎರಡನೆಯ ಬ್ಯಾಟರಿ ಇರಲೇಬೇಕು. ಮೆಮೊರಿ ಕಾರ್ಡಿನ ಮೇಲೆ ದೊಡ್ಡದಾಗಿ 170 ಎಂದಿದ್ದರೆ ಅದು ಸಾಮಾನ್ಯವಾಗಿ ಓದುವ ವೇಗ. ಬರೆಯುವಾಗ ಖಾತ್ರಿಯಾಗಿ ಸಿಗುವುದು 'ವಿ30' ಎಂದಿದ್ದರೆ ಸೆಕೆಂಡಿಗೆ 30 ಎಂಬಿ, 'ವಿ90' ಎಂದಿದ್ದರೆ 90. ಹುಲಿ ರಸ್ತೆ ದಾಟುವಾಗ ಕ್ಯಾಮೆರಾ ನಿಂತುಹೋದರೆ ಕಾರ್ಡ್ ನೋಡಿ. ಹೊಸ ಬಾಡಿಯ ರಾ ಕಡತ ಹಳೆಯ ಫೋಟೊಶಾಪಿನಲ್ಲಿ ತೆರೆಯದಿದ್ದರೆ ಕಡತ ಕೆಟ್ಟಿದೆ ಎಂದಲ್ಲ. ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್ ಅಥವಾ ಕಂಪನಿಯದೇ ಉಚಿತ ಸಾಫ್ಟ್‌ವೇರ್ ಸಾಕು.

ಧೂಳಿನ ವಿಷಯ ಮಾತ್ರ ನಿಜ. ಕನ್ನಡಿ ಇಲ್ಲದ್ದರಿಂದ ಲೆನ್ಸ್ ತೆಗೆದ ಕೂಡಲೇ ಅನೇಕ ಬಾಡಿಗಳಲ್ಲಿ ಸೆನ್ಸರ್ ಬಯಲಿಗೆ ಬೀಳುತ್ತದೆ. ಬೇಸಿಗೆಯ ಕಾಡುದಾರಿಯಲ್ಲಿ, ಜೀಪು ಎಬ್ಬಿಸಿದ ಮಣ್ಣಿನ ನಡುವೆ ಲೆನ್ಸ್ ಬದಲಿಸಬೇಡಿ. ಬಾಯಿಂದ ಊದಬೇಡಿ, ರಬ್ಬರ್ ಬ್ಲೋವರ್ ಬಳಸಿ. ಎಫ್/16ರಲ್ಲಿ ಬರೀ ಆಕಾಶ ತೆಗೆದು ನೋಡಿದರೆ ಧೂಳು ಎಲ್ಲಿದೆ ಎಂದು ಕಾಣುತ್ತದೆ.

"ಎರಡು ದಿನದಲ್ಲಿ ಕೈಗೆ ಹೊಂದುತ್ತೆ, ಹಳೇದು ಮಾರಿಬಿಡಿ"

ಮೆನು ಎರಡು ದಿನದಲ್ಲಿ ಬರಬಹುದು. ಬೆರಳಿಗೆ ಹೆಚ್ಚು ಕಾಲ ಬೇಕು, ಅದರಲ್ಲೂ ಕ್ಯಾನನ್‌ನಿಂದ ನಿಕಾನ್‌ಗೆ, ನಿಕಾನ್‌ನಿಂದ ಕ್ಯಾನನ್‌ಗೆ ಹೋದವರಿಗೆ. ಲೆನ್ಸ್ ಕೂರಿಸುವುದೂ ಜೂಮ್ ತಿರುಗಿಸುವುದೂ ಒಂದರಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಮತ್ತೊಂದು ಕಡೆ. ಅಭ್ಯಾಸಕ್ಕೆ ಕಾಡು ಬೇಕಿಲ್ಲ. ಬಸ್ ಸ್ಟ್ಯಾಂಡಿನ ನಾಯಿಗಳು, ಕೆರೆಯಂಗಳದ ಬೆಳ್ಳಕ್ಕಿಗಳು, ಆಕಾಶದಲ್ಲಿ ಸುತ್ತುವ ಹದ್ದುಗಳು ಸಾಕು. ಕಣ್ಣು ಕಿಂಡಿಯಿಂದ ತೆಗೆಯದೆ ಐಎಸ್‌ಒ, ಶಟರ್, ಫೋಕಸ್ ಬಿಂದು ಮೂರನ್ನೂ ಬದಲಿಸಲು ಬರುವವರೆಗೆ ದುಡ್ಡು ತೆಗೆದುಕೊಂಡ ಮದುವೆಗೆ ಹೊಸದೊಂದನ್ನೇ ನೆಚ್ಚಿ ಹೋಗಬೇಡಿ. ಮುಹೂರ್ತಕ್ಕೆ ಹಳೆಯದು ಹೆಗಲಲ್ಲಿರಲಿ, ಊಟದ ಪಂಕ್ತಿಗೆ, ಆರತಕ್ಷತೆಯ ಸಾಲಿಗೆ ಹೊಸದನ್ನು ತೆಗೆಯಿರಿ. ಎರಡರ ಗಡಿಯಾರವನ್ನೂ ಒಂದೇ ಸಮಯಕ್ಕೆ ಹೊಂದಿಸಿಡಿ, ಇಲ್ಲದಿದ್ದರೆ ಆಲ್ಬಂ ಜೋಡಿಸುವಾಗ ಧಾರೆಗಿಂತ ಮೊದಲೇ ಊಟ ಬರುತ್ತದೆ. ವೈಟ್ ಬ್ಯಾಲೆನ್ಸನ್ನೂ ಆಟೋ ಬಿಟ್ಟು ಎರಡರಲ್ಲೂ ಒಂದೇ ಕೆಲ್ವಿನ್ ಅಂಕಿಗೆ ಇಟ್ಟರೆ ಚರ್ಮದ ಬಣ್ಣ ಹೊಂದಿಸುವ ಕೆಲಸ ಅರ್ಧ ಇಳಿಯುತ್ತದೆ. ಹಳೆಯದನ್ನು ಮಾರುವುದೇ ಆದರೆ ಒಂದು ಮದುವೆ ಹಂಗಾಮು ಕಳೆಯಲಿ. ಕೊಡುವ ಮೊದಲು ಅದರ ಬಟನ್ ಸೆಟ್ಟಿಂಗುಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸದರಲ್ಲಿ ಅದೇ ಕೆಲಸವನ್ನು ಅದೇ ಬೆರಳಿಗೆ ಕೊಡಲು ಬೇಕಾಗುವ ಪಟ್ಟಿ ಅದು.