ಅಪ್ಪನ ತುರಿಕೆ, ಸೇವಂತಿಗೆ ತೋಟ ಮತ್ತು ಹೊಸ ಮಾತ್ರೆಗಳು

ಶನಿವಾರ ಬೆಂಗಳೂರಿನಿಂದ ಊರಿಗೆ ಹೋದಾಗಲೆಲ್ಲ ರಾತ್ರಿ ಹನ್ನೆರಡರ ಮೇಲೆ ಒಂದು ಸದ್ದು ಕೇಳಿಸುತ್ತಿತ್ತು. ಹಾಲ್‌ನಲ್ಲಿ ಮಲಗಿದ ಅಪ್ಪ ಕತ್ತು ಪರಪರ ಕೆರೆದುಕೊಳ್ಳುವ ಸದ್ದು. ನಮ್ಮದು ಗೌರಿಬಿದನೂರಿನ ಹತ್ತಿರದ ಹಳ್ಳಿ. ಅಪ್ಪನಿಗೆ 61 ವರ್ಷ. ಎರಡು ಎಕರೆಯಲ್ಲಿ ಸೇವಂತಿಗೆ ಬೆಳೆದು ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ಹಾಕುತ್ತಾರೆ. ನಾನು ಇಂಜಿನಿಯರಿಂಗ್ ಓದಿದ್ದು ಆ ಹೂವಿನ ದುಡ್ಡಲ್ಲೇ.

ಶುರುವಾಗಿದ್ದು ಕಣ್ಣಿನ ರೆಪ್ಪೆಯಲ್ಲಿ. ಆಮೇಲೆ ಕತ್ತಿನ ಮಡಿಕೆ, ಕಿವಿಯ ಹಿಂಭಾಗ, ಮೊಣಕೈ ಸಂದು. ಮಳೆಗಾಲ ಬಂತು ಅಂದರೆ ಜಾಸ್ತಿ. ಊರಲ್ಲಿ ಇಸುಬು ಅಂದರು, ಬೇವಿನ ಸೊಪ್ಪು ಅರೆದು ಹಚ್ಚಿದ್ದಾಯಿತು. ಮೆಡಿಕಲ್ ಸ್ಟೋರ್‌ನಲ್ಲಿ ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ಮಾಯ! ಬಿಟ್ಟ ವಾರಕ್ಕೆ ದುಪ್ಪಟ್ಟು. ಅದು ಸ್ಟೀರಾಯ್ಡ್ ಅಂತ ನಮಗೆ ಗೊತ್ತಾಗಿದ್ದು ಚರ್ಮ ಸಿಗರೇಟ್ ಪೇಪರ್ ಥರ ತೆಳುವಾದ ಮೇಲೆ. ಇಂಥ ಹಲವು ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಆಮೇಲೆ ಇನ್ನೊಬ್ಬರು ಸ್ಟೀರಾಯ್ಡ್ ಮಾತ್ರೆಯನ್ನೇ ತಿಂಗಳುಗಟ್ಟಲೆ ಕೊಟ್ಟರು. ಮುಖ ಊದಿತು, ಶುಗರ್ ಏರಿತು, ತುರಿಕೆ ಹೋಗಲಿಲ್ಲ.

ಕೊನೆಗೆ ಬೆಂಗಳೂರಿನ ಒಬ್ಬ ಚರ್ಮದ ಡಾಕ್ಟರ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಅವರು ಕ್ರೀಮ್ ಬರೆಯುವ ಮೊದಲು 'ಹೊಲದ ಸುತ್ತ ಏನು ಬೆಳೆದಿದೆ?' ಅಂತ ಕೇಳಿದರು. ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿನ ಮೇಲೆ ಬೇರೆ ಬೇರೆ ಪದಾರ್ಥಗಳ ಪುಟ್ಟ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಮತ್ತೆರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ. ಬೆನ್ನಿಗೆ ನೀರು ಹಾಕುವಂತಿಲ್ಲ, ಅಪ್ಪನ ಗೊಣಗಾಟ ಕೇಳಬೇಕಿತ್ತು. ಎರಡು ಕಡೆ ಕೆಂಪಗೆ ಉಬ್ಬಿತ್ತು. ಒಂದು ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ. ಇನ್ನೊಂದು ಸೇವಂತಿಗೆ.

ಅಪ್ಪ ಮೊದಲನೆಯದಕ್ಕೆ ತಲೆಯಾಡಿಸಿದರು. ಎರಡನೆಯದಕ್ಕೆ ಮೇಡಂ ಮುಖವನ್ನೇ ನೋಡುತ್ತಾ ಕುಳಿತರು.

ಎರಡೂ ಒಂದೇ ಕುಟುಂಬದ ಗಿಡಗಳಂತೆ. ಸೂರ್ಯಕಾಂತಿ, ಚೆಂಡು ಹೂವೂ ಅದೇ ಜಾತಿ. ಒಂದಕ್ಕೆ ಅಲರ್ಜಿ ಕಲಿತ ದೇಹ ಅದರ ನೆಂಟರನ್ನೂ ಗುರುತಿಸಬಹುದು. ಪಾರ್ಥೇನಿಯಂ ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದಿದ್ದು 1955ರ ಸುಮಾರಿಗೆ ಪುಣೆಯಲ್ಲಿ. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಅನ್ನುತ್ತಾರೆ. ಇದರ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಅನ್ನುವ ರಾಸಾಯನಿಕ ಇದೆ. ಗಿಡ ಒಣಗಿ ಪುಡಿಯಾದರೂ ಅದು ಧೂಳಿನ ಜೊತೆ ಗಾಳಿಯಲ್ಲಿ ಹಾರುತ್ತದೆ. ಹಾಗಾಗಿ ಗಿಡ ಮುಟ್ಟದೆ ಇದ್ದವರಿಗೂ ರೆಪ್ಪೆ, ಕತ್ತಿನಲ್ಲೇ ಮೊದಲು ಶುರು. ಇದನ್ನು ತಿನ್ನಿಸಲು 1983ರಲ್ಲಿ ಮೆಕ್ಸಿಕೋದಿಂದ ಒಂದು ದುಂಬಿ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಹೊರಗೆ ಬಿಟ್ಟರು. ಮಳೆಗಾಲದಲ್ಲಿ ಎಲೆಯೆಲ್ಲ ತೂತಾದ ಕಾಂಗ್ರೆಸ್ ಗಿಡ ಕಂಡರೆ ಅದೇ ದುಂಬಿಯ ಕೆಲಸ ಇರಬಹುದು. ಪಾಪ, ತಿನ್ನುತ್ತದೆ. ಗಿಡ ಅದಕ್ಕಿಂತ ಜೋರಾಗಿ ಹುಟ್ಟುತ್ತದೆ.

ಸರಿ, ಔಷಧಿ ವಿಷಯಕ್ಕೆ ಬರೋಣ. ಆ ರಾತ್ರಿ ನಾನು ಮಾಡಿದ್ದು ನಾವೆಲ್ಲ ಮಾಡುವ ಕೆಲಸವನ್ನೇ. ಎರಡು ಗಂಟೆವರೆಗೆ ಫೋನ್‌ನಲ್ಲಿ ಓದಿದೆ. ತುರಿಕೆಯ ಚಿಕಿತ್ಸೆ ಹತ್ತೇ ವರ್ಷದಲ್ಲಿ ಎಷ್ಟು ಬದಲಾಗಿದೆ! ರೋಗನಿರೋಧಕ ಕಣಗಳು ಒಂದಕ್ಕೊಂದು ಸಂದೇಶ ಕಳಿಸುತ್ತವೆ. 'ಕೆರೆ' ಅಂತ ನರಕ್ಕೆ ಹೇಳುವ ಅಂಥ ಒಂದು ಸಂದೇಶದ ಹೆಸರು ಇಂಟರ್‌ಲ್ಯೂಕಿನ್ 31. ಡುಪಿಲುಮ್ಯಾಬ್ ಇಂಜೆಕ್ಷನ್‌ಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು 4 ಮತ್ತು 13ನೇ ನಂಬರಿನ ಸಂದೇಶಗಳನ್ನು ತಡೆಯುತ್ತದೆ. ನೆಮೊಲಿಜುಮ್ಯಾಬ್ 31ನ್ನೇ ತಡೆಯುತ್ತದೆ, ಇಸುಬಿಗೆ ಅದು ಅಲ್ಲಿ ಬಂದಿದ್ದು 2024ರ ಕೊನೆಗೆ. ಇವು ಒಂದೆರಡು ಗ್ರೂಪ್ ಮ್ಯೂಟ್ ಮಾಡಿದ ಹಾಗೆ. ಜಾಕ್ ಇನ್‌ಹಿಬಿಟರ್ ಅನ್ನುವ ಮಾತ್ರೆಗಳು ಸುಮಾರು ಇಡೀ ಫೋನನ್ನೇ ಸೈಲೆಂಟ್ ಮಾಡಿದ ಹಾಗೆ. ಹಲವು ಸಂದೇಶಗಳು ಕಣದ ಒಳಗೆ ಹೋಗುವ ದಾರಿಯನ್ನೇ ಅವು ಮುಚ್ಚುತ್ತವೆ. ಅಬ್ರೊಸಿಟಿನಿಬ್, ಉಪಾಡಾಸಿಟಿನಿಬ್ ಎರಡಕ್ಕೂ ಇಸುಬಿಗಾಗಿ 2022ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಟೋಫಾಸಿಟಿನಿಬ್ ಅನ್ನು ನಮ್ಮ ದೇಶದ ಕಂಪನಿಗಳೇ ಜೆನೆರಿಕ್ ಆಗಿ ಮಾಡುತ್ತವೆ, ಪಾರ್ಥೇನಿಯಂ ಅಲರ್ಜಿಗೂ ಇಲ್ಲಿನ ವೈದ್ಯರು ಅದನ್ನು ಕೆಲವೇ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ.

ಮುಂದಿನ ಭೇಟಿಗೆ ಈ ಲಿಸ್ಟ್ ಹಿಡಿದುಕೊಂಡೇ ಹೋದೆ. 'ಮೇಡಂ, ಇದನ್ನ ಅಪ್ಪನಿಗೆ ಯಾಕೆ ಕೊಡಬಾರದು?'

ಅವರು ಬೈಯಲಿಲ್ಲ. ಅಪ್ಪನ ಕಡೆ ತಿರುಗಿ, 'ಬೀಡಿ ಸೇದ್ತೀರಾ?' ಅಂದರು. ಅಪ್ಪ ನನ್ನ ಕಡೆ ನೋಡಿ ಹೌದು ಅಂದರು. ಈ ಗುಂಪಿನ ಮಾತ್ರೆಗಳಿಂದ ಹೃದಯಾಘಾತ, ರಕ್ತ ಹೆಪ್ಪುಗಟ್ಟುವುದು, ಕ್ಯಾನ್ಸರ್ ಅಪಾಯ ಹೆಚ್ಚಬಹುದು ಅಂತ ಅಮೆರಿಕದ ಎಫ್‌ಡಿಎ 2021ರಲ್ಲಿ ಗಂಭೀರ ಎಚ್ಚರಿಕೆ ಹಾಕಿಸಿದೆ. ವಯಸ್ಸಾದವರು, ಬೀಡಿ ಸಿಗರೇಟ್ ಸೇದುವವರು ಇನ್ನೂ ಹುಷಾರಾಗಿರಬೇಕು. ನಮ್ಮ ದೇಶದಲ್ಲಿ ಟಿಬಿ ಬೇರೆ ಒಳಗೇ ಅಡಗಿ ಕುಳಿತಿರುತ್ತದೆ, ಶುರು ಮಾಡುವ ಮೊದಲು ಟೆಸ್ಟ್ ಆಗಲೇಬೇಕು. ಡುಪಿಲುಮ್ಯಾಬ್ ಮುಖ್ಯವಾಗಿ ಅಟಾಪಿಕ್ ಇಸುಬಿಗೆ, ಅಪ್ಪನದು ತಾಗಿ ಬರುವ ಅಲರ್ಜಿ. ತುರಿಕೆ ಒಂದೇ ಥರ ಕಂಡರೂ ದಾರಿ ಬೇರೆ.

ಅವರು ಬರೆದಿದ್ದು ಅಜಥಯೋಪ್ರಿನ್. ಹಳೆಯ ಮಾತ್ರೆ, ಅಗ್ಗ. ಪಾರ್ಥೇನಿಯಂ ಅಲರ್ಜಿಗೆ ಇದನ್ನು ಹೇಗೆ ಕೊಡಬೇಕು ಅಂತ ದಿಲ್ಲಿಯ ಏಮ್ಸ್ ವೈದ್ಯರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ವಾರಕ್ಕೊಮ್ಮೆ ಕೊಡುವ ಪದ್ಧತಿಯನ್ನೂ ಸೇರಿಸಿ. ಇದೂ ಸಾಧು ಮಾತ್ರೆಯೇನಲ್ಲ. ಕೆಲವರ ಜೀನ್‌ನಲ್ಲಿ ವ್ಯತ್ಯಾಸವಿದ್ದರೆ ಬಿಳಿ ರಕ್ತಕಣ ದಿಢೀರನೆ ಇಳಿಯುತ್ತದೆ, ಅದಕ್ಕೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಕೆಲಸ ಶುರು ಮಾಡಲು ವಾರಗಳೇ ಬೇಕು. ಒಂದು ತಿಂಗಳಾದರೂ ಏನೂ ಕಾಣದೆ ನಾನು ಮೇಡಂಗೆ ಮೂರು ಸಲ ಮೆಸೇಜ್ ಮಾಡಿದೆ. ಎರಡನೇ ತಿಂಗಳ ಕೊನೆಯಲ್ಲಿ ಒಂದು ಶನಿವಾರ ರಾತ್ರಿ ಎಚ್ಚರವಾಯಿತು. ಹಾಲ್‌ನಿಂದ ಗೊರಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಆದರೆ ಮಾತ್ರೆ ಗಾಳಿಯನ್ನು ಬದಲಾಯಿಸುವುದಿಲ್ಲ. ಹೊಲಕ್ಕೆ ಹೋಗುವಾಗ ತುಂಬುತೋಳಿನ ಅಂಗಿ, ಕತ್ತಿಗೆ ಟವಲ್. ಬಂದ ತಕ್ಷಣ ಸ್ನಾನ, ಮೈ ಒರೆಸಿ ಕೊಬ್ಬರಿ ಎಣ್ಣೆ. ಹೊಲದ ಬಟ್ಟೆಯನ್ನು ಅಮ್ಮ ಬೇರೆ ಒಗೆಯುತ್ತಾರೆ, ಅಪ್ಪನ ಬಟ್ಟೆ ಈಗ ಒಣಗುವುದು ಮನೆಯೊಳಗೆ. ಬದುವಿನ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ನಾನೇ ಕೀಳುತ್ತೇನೆ. ನನಗೂ ಒಂದು ದಿನ ಅಂಟಿಕೊಳ್ಳಬಹುದು, ಗೊತ್ತಿದೆ.

ಸೇವಂತಿಗೆಯ ಮಾತಿಗೆ ಮಾತ್ರ ಮನೆಯಲ್ಲಿ ಮೂರು ತಿಂಗಳು ಜಗಳವಾಯಿತು. 'ಹೂವು ಬಿಟ್ಟು ನಾನೇನು ಮಾಡ್ಲಾ, ನಿನ್ ಥರ ಲ್ಯಾಪ್‌ಟಾಪ್ ಒತ್ತಲಾ?' ಅಂದರು ಅಪ್ಪ. ಕೊನೆಗೆ ಒಂದು ಎಕರೆಗೆ ಕನಕಾಂಬರ ಹಾಕಿದ್ದೇವೆ, ಅದು ಈ ಕುಟುಂಬದ್ದಲ್ಲ. ಉಳಿದ ಎಕರೆಯ ಸೇವಂತಿಗೆಯನ್ನು ಆಳುಗಳು ಬಿಡಿಸುತ್ತಾರೆ, ಕೂಲಿ ನನ್ನ ಸಂಬಳದಿಂದ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿನಲ್ಲಿ ಸೇವಂತಿಗೆ ರೇಟು ಕೇಳಿಕೊಂಡು ಬಂದ ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.