ನಕ್ಷತ್ರಗಳ ಉಗ್ರಾಣ

ಉಗ್ರಾಣದಲ್ಲಿ ಉಳಿದಿರುವ ಅಕ್ಕಿ ಎಷ್ಟೆಂಬುದನ್ನು ಅರಿಯದೆ ಯಾವ ಗೃಹಿಣಿಯೂ ತಿಂಗಳ ಲೆಕ್ಕ ಹಾಕಲಾರಳು. ನಕ್ಷತ್ರಲೋಕದ ಸಂಸಾರಕ್ಕೂ ಇದೇ ನಿಯಮ. ಕೋಟ್ಯನುಕೋಟಿ ನಕ್ಷತ್ರಗಳ ಮಹಾಸಮೂಹವಾದ ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರ ಹುಟ್ಟಬೇಕಾದರೆ ಅನಿಲ ಬೇಕು. ಅದರಲ್ಲಿಯೂ ಮುಖ್ಯವಾಗಿ ಜಲಜನಕ. ಅದು ತೀರಿತೆಂದರೆ ನಕ್ಷತ್ರಗಳ ಜನನವೂ ನಿಂತಂತೆಯೇ. ಆದರೆ ಬೆಳಕೇ ನೂರಾರು ಕೋಟಿ ವರ್ಷ ಪಯಣಿಸಿ ಬರಬೇಕಾದಷ್ಟು ದೂರದ ಉಗ್ರಾಣವನ್ನು ತೂಗುವ ತಕ್ಕಡಿ ಯಾವುದು?

ತೊಡಕಿರುವುದು ಜಲಜನಕದಲ್ಲಿಯೇ. ನಕ್ಷತ್ರಗಳು ಮೈದಳೆಯುವ ಶೀತಲ ಮೇಘಗಳಲ್ಲಿ ಅದರ ಅಣುಗಳು ಬಹುಮಟ್ಟಿಗೆ ಮೌನವಾಗಿರುತ್ತವೆ. ಆದುದರಿಂದ ವಿಜ್ಞಾನಿಗಳು ಅದರ ಒಡನಾಡಿಗಳನ್ನು ವಿಚಾರಿಸುತ್ತಾರೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಆ ಮೇಘಗಳಲ್ಲಿಯೂ ಅತ್ಯಲ್ಪವಾಗಿ ಬೆರೆತಿದ್ದು, 2.6 ಮಿಲಿಮೀಟರ್ ಉದ್ದದ ಅಲೆಗಳಿಂದ ತನ್ನ ಇರವನ್ನು ಸಾರುತ್ತದೆ. ಇನ್ನೊಂದು ಸಾಕ್ಷಿ ಧೂಳು. ಎಳೆಯ ನಕ್ಷತ್ರಗಳ ಬೆಳಕನ್ನು ಹೀರಿ ಬೆಚ್ಚಗಾದ ಧೂಳಿನ ಕಣಗಳು ಆ ಶಾಖವನ್ನು ಅವರಕ್ತ ಕಿರಣಗಳಾಗಿ ಹೊರಸೂಸುತ್ತವೆ. ವಿಶ್ವವು ಹಿಗ್ಗುತ್ತಿರುವುದರಿಂದ ಈ ಅಲೆಗಳೂ ದಾರಿಯಲ್ಲಿ ಹಿಗ್ಗುತ್ತ ಭೂಮಿಯನ್ನು ಸೇರುತ್ತವೆ.

ಗಾಳಿಯ ತೇವ ಇಂಥ ಅಲೆಗಳನ್ನು ನುಂಗಿಬಿಡುವುದರಿಂದ, ಇವನ್ನು ಹಿಡಿಯುವ ಆಲ್ಮಾ ದೂರದರ್ಶಕದ 66 ಆಂಟೆನಾಗಳನ್ನು ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದಾರೆ. ನಮ್ಮ ಆಕಾಶಗಂಗೆಯಲ್ಲಿ ಧೂಳಿನ ಸುಮಾರು ನೂರು ಪಟ್ಟು ಅನಿಲವಿದೆ. ಧೂಳಿನ ತೂಕ ತಿಳಿದರೆ ಅನಿಲದ ಅಂದಾಜೂ ಸಿಕ್ಕಂತೆ. ಆದರೆ ಎಳೆಯ ಗೆಲಾಕ್ಸಿಗಳಲ್ಲಿ ಧೂಳಾಗಬಲ್ಲ ಭಾರವಾದ ಮೂಲವಸ್ತುಗಳು ಕಡಿಮೆ. ಅಲ್ಲಿಯೂ ನೂರರಿಂದಲೇ ಗುಣಿಸಿದರೆ ಲೆಕ್ಕ ತಪ್ಪುತ್ತದೆ.

ಅಣುಗಳಾಗಿ ಕೂಡಿಕೊಳ್ಳುವ ಮುನ್ನ ಬಿಡಿ ಪರಮಾಣುಗಳಾಗಿರುವ ಜಲಜನಕವಾದರೋ ತಾನೇ ನುಡಿಯುತ್ತದೆ. ಅದರ ದನಿ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ. ದೂರದ ಗೆಲಾಕ್ಸಿಗಳಿಂದ ಬರುವಾಗ ಆ ದನಿ ಕೇಳಿಸಲಾರದಷ್ಟು ಕ್ಷೀಣ. ಪುಣೆಯ ಸಮೀಪದ ಖೊಡದ್ ಗ್ರಾಮದ ಬಳಿ 30 ಆಂಟೆನಾಗಳ ಬೃಹತ್ ರೇಡಿಯೋ ದೂರದರ್ಶಕವಿದೆ. ಪುಣೆಯ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ಮೂಲಕ ಏಳು ಸಾವಿರಕ್ಕೂ ಮಿಕ್ಕ ಗೆಲಾಕ್ಸಿಗಳ ಪಿಸುದನಿಗಳನ್ನು ಒಂದುಗೂಡಿಸಿ, ಸುಮಾರು 800 ಕೋಟಿ ವರ್ಷಗಳ ಹಿಂದಿನ ಸರಾಸರಿ ದಾಸ್ತಾನನ್ನು 2020ರಲ್ಲಿ ಪ್ರಕಟಿಸಿದರು.

ಆ ಲೆಕ್ಕ ಅಚ್ಚರಿಯದು. ಉಗ್ರಾಣವೇನೋ ತುಂಬಿಯೇ ಇತ್ತು; ಪರಮಾಣು ಜಲಜನಕದ ತೂಕ ಸುಮಾರಾಗಿ ನಕ್ಷತ್ರಗಳ ತೂಕಕ್ಕೆ ಸಮನಾಗಿತ್ತು. ಆದರೆ ಖರ್ಚು ಅದಕ್ಕೂ ಮಿಗಿಲು! ಹೊರಗಿನಿಂದ ಹೊಸ ಅನಿಲ ಬಾರದಿದ್ದರೆ ಅದು 100ರಿಂದ 200 ಕೋಟಿ ವರ್ಷಗಳಿಗಷ್ಟೇ ಸಾಲುತ್ತಿತ್ತು. ವಿಶ್ವದಲ್ಲಿ ನಕ್ಷತ್ರಗಳ ಜನನ ಅಂದಿನಿಂದ ಇಳಿಮುಖವಾಗಿದೆ. ಆದಾಯ ಖರ್ಚಿಗೆ ಸರಿಗಟ್ಟಲಿಲ್ಲವೆಂಬುದೇ ಇದಕ್ಕೆ ಕಾರಣವಿರಬೇಕೆಂದು ಆ ವಿಜ್ಞಾನಿಗಳ ಊಹೆ. ದುಂದುಗಾರಿಕೆಯ ಫಲವನ್ನು ನಕ್ಷತ್ರಗಳ ಸಂಸಾರವೂ ಉಣ್ಣಬೇಕಾಯಿತು.