ಕುಲುಮೆಗೆ ಬಿದ್ದ ಪುಸ್ತಕ, ಲೋಹದಲ್ಲಿ ಎದ್ದ ಅಕ್ಷರ

ಅಮೆರಿಕದ ಒಹಾಯೊ ರಾಜ್ಯದ ದಕ್ಷಿಣ ಅಂಚಿನಲ್ಲಿ ಬ್ರೌನ್ ಕೌಂಟಿ ಇದೆ. ಕೌಂಟಿ ಎಂದರೆ ನಮ್ಮ ಒಂದು ತಾಲ್ಲೂಕಿನಷ್ಟು ಎಂದುಕೊಳ್ಳಿ. ಇಲ್ಲಿನ ಜನಸಂಖ್ಯೆ ಸುಮಾರು 44 ಸಾವಿರ. ಇಲ್ಲಿ ರಸ್ತೆಬದಿಯಲ್ಲಿ, ನದಿದಂಡೆಯಲ್ಲಿ ಊರಿನ ಇತಿಹಾಸ ಹೇಳುವ ಕಂದು ಬಣ್ಣದ ಲೋಹದ ಫಲಕಗಳು ಕಾಣಸಿಗುತ್ತವೆ. ಜಾರ್ಜ್‌ಟೌನಿನಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಬೆಳೆದ ಮನೆಯಿದೆ. ಹಿಗಿನ್ಸ್‌ಪೋರ್ಟಿನ ಆಸುಪಾಸಿನಲ್ಲಿ 1864ರಲ್ಲಿ ಬಿಳಿ ಬರ್ಲಿ ತಂಬಾಕು ಹುಟ್ಟಿತು. ಅಧ್ಯಕ್ಷರಿಗೆ, ತಂಬಾಕಿಗೆ ಫಲಕ ಹಾಕಿಸುವುದು ದೊಡ್ಡ ಮಾತಲ್ಲ, ಕಾಗದಪತ್ರ ಇದ್ದೇ ಇರುತ್ತದೆ. ರಿಪ್ಲಿ ಎಂಬ ಊರಿನ ಕತೆ ಬೇರೆ. ಅಲ್ಲಿ ಇಂದು ಸ್ಮರಿಸುವ ಕೆಲಸವನ್ನು ಅಂದಿನವರು ಮಾಡಿದ್ದೇ ಗುರುತು ಉಳಿಯದ ಹಾಗೆ.

ರಿಪ್ಲಿ ಇರುವುದು ಒಹಾಯೊ ನದಿಯ ದಂಡೆಯಲ್ಲಿ. ಆಚೆ ದಡ ಕೆಂಟಕಿ. ಅಲ್ಲಿ ಕರಿಯರನ್ನು ಕೊಂಡು ಮಾರಬಹುದಿತ್ತು, ಈಚೆ ದಡದಲ್ಲಿ ಆಗುತ್ತಿರಲಿಲ್ಲ. 1822ರಲ್ಲಿ ಇಲ್ಲಿಗೆ ಬಂದ ಪ್ರೆಸ್‌ಬಿಟೇರಿಯನ್ ಪಾದ್ರಿ ಜಾನ್ ರ‍್ಯಾಂಕಿನ್, ತನ್ನ ಸೋದರ ವರ್ಜೀನಿಯಾದಲ್ಲಿ ಗುಲಾಮರನ್ನು ಕೊಂಡನೆಂದು ತಿಳಿದು ಅವನಿಗೆ ಬುದ್ಧಿಹೇಳುವ ಪತ್ರಗಳನ್ನು ಬರೆದು ಸ್ಥಳೀಯ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ! ಊರಿನ ನೆತ್ತಿಯ ಗುಡ್ಡದ ಮೇಲಿನ ಅವನ ಮನೆಯ ಕಿಟಕಿಯ ದೀಪ ಕೆಂಟಕಿಗೂ ಕಾಣುತ್ತಿತ್ತು. 13 ಮಕ್ಕಳ ಸಂಸಾರ. ಕೆಂಟಕಿಯಿಂದ ಓಡಿಬಂದ ಗುಲಾಮರಿಗೆ ಊಟ ಹಾಕಿ, ರಾತ್ರೋರಾತ್ರಿ ಮುಂದಿನ ಊರಿಗೆ ಮುಟ್ಟಿಸುವುದು ಗಂಡುಮಕ್ಕಳ ಪಾಲಿನ ಕೆಲಸ. 1838ರ ಚಳಿಗಾಲದಲ್ಲಿ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು, ಬಿರುಕುಬಿಟ್ಟ ಮಂಜುಗಡ್ಡೆಯ ಮೇಲೆ ನದಿ ದಾಟಿ ಈ ಮನೆ ಸೇರಿದಳು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ಎಲೈಜಾ ಹುಟ್ಟಿದ್ದು ಈ ಘಟನೆಯಿಂದ. ಅದೇ ವರ್ಷ ಗ್ರಾಂಟ್ ಎಂಬ ಹುಡುಗ ರಿಪ್ಲಿಯಲ್ಲಿ ರ‍್ಯಾಂಕಿನ್ನನ ಶಾಲೆಗೆ ಸೇರಿದ್ದ. ಮುಂದೆ ಗುಲಾಮಗಿರಿಯ ಪಕ್ಷದ ಸೈನ್ಯವನ್ನು ಸೋಲಿಸಿದ ಸೇನಾಪತಿ ಅವನೇ.

ಆದರೆ ನನ್ನ ಮಟ್ಟಿಗೆ ರಿಪ್ಲಿಯ ನಾಯಕ ಗುಡ್ಡದ ಮೇಲಿನವನಲ್ಲ, ಕೆಳಗೆ ನದಿಯೆದುರು ಕಬ್ಬಿಣ ಕರಗಿಸುತ್ತಿದ್ದ ಜಾನ್ ಪಾರ್ಕರ್. 1827ರಲ್ಲಿ ಗುಲಾಮನಾಗಿ ಹುಟ್ಟಿದ. ಎಂಟನೇ ವಯಸ್ಸಿಗೆ ತಾಯಿಯಿಂದ ಕಿತ್ತು ಮಾರಿದರು. ಎರಕದ ಕೆಲಸ ಕಲಿತು, ದುಡಿದು, 1845ರಲ್ಲಿ 1800 ಡಾಲರ್ ಕೊಟ್ಟು ತನ್ನನ್ನು ತಾನೇ ಕೊಂಡುಕೊಂಡ. ರಿಪ್ಲಿಯಲ್ಲಿ ಸ್ವಂತ ಫೌಂಡ್ರಿ ಹಾಕಿದ. ತಂಬಾಕು ಒತ್ತುವ ಯಂತ್ರಕ್ಕೆ, ಹೆಂಟೆ ಪುಡಿಮಾಡುವ ಸಾಧನಕ್ಕೆ ಪೇಟೆಂಟ್ ಪಡೆದ. ಹಗಲು ಇದು. ರಾತ್ರಿ ದೋಣಿ ಹಾಕಿಕೊಂಡು ಕೆಂಟಕಿಗೆ ಹೋಗಿ ಜನರನ್ನು ಕರೆತರುತ್ತಿದ್ದ.

ಒಮ್ಮೆ ಗಂಡಹೆಂಡತಿ ಇಬ್ಬರು ತಮ್ಮ ಮಗುವನ್ನು ಬಿಟ್ಟು ಬರುವುದಿಲ್ಲ ಎಂದರು. ಇವರು ಓಡಿಹೋದಾರೆಂಬ ಗುಮಾನಿಯಿಂದ ಯಜಮಾನ ಆ ಕೂಸನ್ನು ತನ್ನ ಹಾಸಿಗೆಯ ಕಾಲ್ದೆಸೆಯಲ್ಲೇ ಮಲಗಿಸಿಕೊಳ್ಳುತ್ತಿದ್ದ. ಪಕ್ಕದ ಕುರ್ಚಿಯ ಮೇಲೆ ಮೊಂಬತ್ತಿ, ಪಿಸ್ತೂಲು. ಪಾರ್ಕರ್ ತೆವಳಿಕೊಂಡು ಆ ಕೋಣೆಗೆ ನುಗ್ಗಿ ಕೂಸನ್ನು ಸೆಳೆದುಕೊಂಡ. ಕುರ್ಚಿ ಉರುಳಿತು, ದೀಪ ನಂದಿತು. ಹಿಂದಿನಿಂದ ಗುಂಡು ಹಾರುವಾಗ ಅವನು ದೋಣಿಯತ್ತ ಓಡುತ್ತಿದ್ದ.

ದಾಟಿಸಿದವರ ವಿವರವನ್ನು ಪಾರ್ಕರ್ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. 1850ರಲ್ಲಿ ಹೊಸ ಕಾನೂನು ಬಂತು: ಓಡಿಬಂದವರಿಗೆ ನೆರವಾದರೆ 1000 ಡಾಲರ್ ದಂಡ, ಆರು ತಿಂಗಳ ಸೆರೆ. ಮನೆ, ಫೌಂಡ್ರಿ, ಸಂಸಾರ ಎಲ್ಲವೂ ಹೋದೀತೆಂದು ಪಾರ್ಕರ್ ಆ ಪುಸ್ತಕವನ್ನು ತನ್ನದೇ ಕುಲುಮೆಗೆ ಹಾಕಿದ. ಅದರಲ್ಲಿ 315 ಜನರ ಲೆಕ್ಕವಿತ್ತು.

ಉಳಿದದ್ದು ಅವನ ಬಾಯಿಮಾತು. 1880ರ ದಶಕದಲ್ಲಿ ಫ್ರ್ಯಾಂಕ್ ಗ್ರೆಗ್ ಎಂಬ ಪತ್ರಕರ್ತ ಅದನ್ನು ಕೇಳಿ ಬರೆದುಕೊಂಡ. ಪಾರ್ಕರ್ 1900ರಲ್ಲಿ ತೀರಿಕೊಂಡ. ಹಸ್ತಪ್ರತಿ ಡ್ಯೂಕ್ ವಿಶ್ವವಿದ್ಯಾಲಯದ ಕಪಾಟು ಸೇರಿ, ಪುಸ್ತಕವಾಗಿ ಅಚ್ಚಾದದ್ದು 1996ರಲ್ಲಿ. ರ‍್ಯಾಂಕಿನ್ ಮನೆಯನ್ನು ರಾಜ್ಯ ಸರ್ಕಾರ 1938ರಲ್ಲೇ ವಹಿಸಿಕೊಂಡಿತ್ತು. ಪಾರ್ಕರನ ಮನೆ ಮಾತ್ರ ಪಾಳುಬಿದ್ದಿತ್ತು. ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. 1997ರಲ್ಲಿ ಅದಕ್ಕೂ ರಾಷ್ಟ್ರೀಯ ಸ್ಮಾರಕದ ಪಟ್ಟ ಸಿಕ್ಕಿತು. ಸ್ಥಳೀಯರು ಸಂಘ ಕಟ್ಟಿ ಅದನ್ನು ದುರಸ್ತಿ ಮಾಡಿಸಿದರು.

ಇನ್ನು, ಆರಂಭದಲ್ಲಿ ಹೇಳಿದ ಒಹಾಯೊದ ಫಲಕಗಳನ್ನು ಸರ್ಕಾರ ತಾನಾಗಿ ಬಂದು ನೆಡುವುದಿಲ್ಲ. ಊರಿನವರು ಅರ್ಜಿ ಹಾಕಬೇಕು, ದಾಖಲೆ ಒದಗಿಸಬೇಕು, ಹಣ ಹೊಂದಿಸಬೇಕು. 1950ರ ದಶಕದಿಂದ ನಡೆದುಬಂದ ಈ ಪದ್ಧತಿಯಲ್ಲಿ ರಾಜ್ಯದಾದ್ಯಂತ 1,700ಕ್ಕೂ ಹೆಚ್ಚು ಫಲಕಗಳು ಎದ್ದಿವೆ. ಅವುಗಳನ್ನು ಮಾಡುವುದು ಮರಿಯೆಟ್ಟಾ ಊರಿನ ‘ಸೀವಾ ಸ್ಟುಡಿಯೋಸ್’ ಎಂಬ ಕಾರ್ಖಾನೆ. 1927ರಲ್ಲಿ ಆರಂಭಿಸಿದವರು ಹಾಸ್ ಎಂಬವರು, ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ತಿರುಗಿಸಿ ಹೆಸರಿಟ್ಟರು. ಅಕ್ಷರಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸಿ, ಮರಳಿನಲ್ಲಿ ಅಚ್ಚೊತ್ತಿ, ಕರಗಿದ ಅಲ್ಯೂಮಿನಿಯಂ ಹೊಯ್ಯುತ್ತಾರೆ. ಎರಕದವನಾದ ಪಾರ್ಕರನ ನೆನಪು ಕೊನೆಗೂ ಹೀಗೆ ಫಲಕವಾಗಿ, ಎರಕದವರ ಕೈಯಿಂದಲೇ ಊರಿಗೆ ಬರಬೇಕಾಯಿತು.

ಇಂಥ ಫಲಕಗಳಲ್ಲಿ ಹಿಡಿಸುವುದು ನೂರು ಚಿಲ್ಲರೆ ಪದ. ಹಾಸಿಗೆಯ ಕಾಲ್ದೆಸೆಯ ಕೂಸಿಗೆ ಅಲ್ಲಿ ಜಾಗ ಸಾಲದು. ಸಿನ್ಸಿನಾಟಿ ಕಡೆ ಮಕ್ಕಳ ಮನೆಗೆ ಹೋಗುವವರಿದ್ದರೆ, ರಿಪ್ಲಿ ಅಲ್ಲಿಂದ ಸುಮಾರು 80 ಕಿಲೋಮೀಟರ್, ನದಿಗುಂಟದ ದಾರಿ. ಹೋಗುವ ಮೊದಲು ಪಾರ್ಕರನ ಬಾಯಿಮಾತಿನ ಆ ಪುಸ್ತಕ ‘ಹಿಸ್ ಪ್ರಾಮಿಸ್ಡ್ ಲ್ಯಾಂಡ್’ ಓದಿಕೊಂಡು ಹೋಗಿ.